ಕಂಪನಿ ಕೈ ಬದಲಾಯಿಸಿತು, ಮೇಲ್ ಐಡಿ ಜಾಗ ಬಿಡಲಿಲ್ಲ

ಕಂಪನಿಯ ಮಾರಾಟವೆಂಬುದು ಕಾಗದಪತ್ರಗಳ ಮಟ್ಟಿಗೆ ಬಹಳ ಶಿಸ್ತಿನ ವ್ಯವಹಾರ. ಪೀಣ್ಯದ ನಮ್ಮ ಸಂಸ್ಥೆಯು ತನ್ನೆರಡು ವಿಭಾಗಗಳಲ್ಲಿ ಒಂದನ್ನು ಪುಣೆಯವರಿಗೆ ಮಾರಿದಾಗ, ಲೇತ್ ಯಂತ್ರಗಳಿಂದ ಹಿಡಿದು ಗೋಡೆಗೆ ತೂಗುಹಾಕಿದ್ದ ಬೆಂಕಿ ನಂದಿಸುವ ಸಿಲಿಂಡರುಗಳವರೆಗೆ ಪ್ರತಿಯೊಂದಕ್ಕೂ ಒಪ್ಪಂದದ ಅನುಬಂಧಗಳಲ್ಲಿ ಲೆಕ್ಕವಿತ್ತು. ಅವುಗಳ ನಡುವೆ ಎಲ್ಲೋ ಒಂದು ಸಾಲಿನಲ್ಲಿ, ಬ್ರ್ಯಾಂಡ್ ಹೆಸರೂ ಅದರ ಡೊಮೈನೂ (ಅಂದರೆ ಮೇಲ್ ಐಡಿಯಲ್ಲಿ @ ಚಿಹ್ನೆಯ ನಂತರ ಬರುವ ಹೆಸರು) ಖರೀದಿದಾರರಿಗೆ ಸೇರತಕ್ಕದ್ದು ಎಂದು ಬರೆದಿತ್ತು. ಮಾರಾಟವಾಗದೆ ಉಳಿದ ನಮ್ಮೆಲ್ಲರ ಮೇಲ್ ಐಡಿಗಳೂ ಅದೇ ಡೊಮೈನಿನಲ್ಲಿವೆ ಎಂಬುದು ಸಹಿ ಹಾಕಿದವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಐ.ಟಿ. ವಿಭಾಗದವನಾದ ನಾನು ವಿಷಯ ತಿಳಿಸಿದಾಗ ಎಂ.ಡಿ.ಯವರು, “ಬರೀ ಹೆಸರು ತಾನೇ ರೀ? ಸೋಮವಾರ ಕೊಟ್ಟುಬಿಡಿ, ನಾವು ಬೇರೆ ತಗೊಳ್ಳೋಣ” ಎಂದು ಫೈಲು ಮುಚ್ಚಿದರು.

ಹೆಸರನ್ನು ಕೊಡುವುದಕ್ಕೆ ಮೊದಲು ಅದು ನಮ್ಮದಾಗಿರಬೇಕಷ್ಟೆ. ದಾಖಲೆ ತೆಗೆದು ನೋಡಿದರೆ ಡೊಮೈನು ನೋಂದಣಿಯಾಗಿದ್ದದ್ದು ಕಂಪನಿಯ ಹೆಸರಿನಲ್ಲಲ್ಲ. ಹಿಂದೊಮ್ಮೆ ನಮ್ಮ ವೆಬ್‌ಸೈಟ್ ಮಾಡಿಕೊಟ್ಟು ಆಮೇಲೆ ಕಾಣೆಯಾಗಿದ್ದ ಪುಣ್ಯಾತ್ಮರೊಬ್ಬರ ಹೆಸರಿನಲ್ಲಿ. ಅವರು ಸಿಕ್ಕಿದರು, ಸಂತೋಷದಿಂದಲೇ ಒಪ್ಪಿದರು, ಆದರೆ ಪಾಸ್‌ವರ್ಡ್ ನೆನಪಿರಲಿಲ್ಲ. ಹೊಸ ಪಾಸ್‌ವರ್ಡಿನ ಕೊಂಡಿ ಹೋಗುತ್ತಿದ್ದದ್ದು ನಮ್ಮದೇ ಡೊಮೈನಿನಲ್ಲಿ ಅವರಿಗೆಂದು ಒಂದು ಕಾಲದಲ್ಲಿ ತೆರೆದು, ಮುಂದೆ ಖರ್ಚು ಉಳಿಸುವ ಉತ್ಸಾಹದಲ್ಲಿ ಯಾರೋ ಅಳಿಸಿಹಾಕಿದ್ದ ಐಡಿಗೆ. ಆ ಐಡಿಗೆ ಮರುಜನ್ಮ ಕೊಟ್ಟು ಒಳಹೊಕ್ಕ ಮೇಲೆ ವಕೀಲರು ಎಲ್ಲಕ್ಕಿಂತ ಮೊದಲು ಮಾಲೀಕರ ಹೆಸರು ಬದಲಾಗಲಿ ಎಂದರು. ಡಾಟ್ ಕಾಮ್ ಹೆಸರುಗಳಿಗೆ ಹಾಗೆ ಮಾಡಿದರೆ, ಬೇಡವೆಂದು ಮೊದಲೇ ತಿಳಿಸದ ಪಕ್ಷದಲ್ಲಿ, ಇನ್ನೊಬ್ಬ ರಿಜಿಸ್ಟ್ರಾರ್ (ಡೊಮೈನು ನೋಂದಣಿ ಮಾಡಿಕೊಡುವ ಸಂಸ್ಥೆ) ಬಳಿಗೆ 60 ದಿನ ಹೋಗದಂತೆ ಬೀಗ ಬೀಳಬಹುದೆಂದು ಅವರಿಗೆ ವಿವರಿಸುವಷ್ಟರಲ್ಲಿ ಎಂ.ಡಿ.ಯವರ ಸೋಮವಾರ ಸದ್ದಿಲ್ಲದೆ ದಾಟಿಹೋಗಿತ್ತು.

ಹೆಸರೊಂದು ತನ್ನ ಕಂಪನಿಯನ್ನು ಬಿಟ್ಟು ಹೋಗುವುದೇನೂ ಹೊಸದಲ್ಲ. 1985ರ ಮಾರ್ಚ್ 15ರಂದು ನೋಂದಣಿಯಾದ ಜಗತ್ತಿನ ಮೊಟ್ಟಮೊದಲ ಡಾಟ್ ಕಾಮ್, ಸಿಂಬಾಲಿಕ್ಸ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿಯದು. 2009ರಲ್ಲಿ ಅದೂ ಮಾರಾಟವಾಗಿ ಬೇರೆಯವರ ಪಾಲಾಯಿತು. ಅವರಿಗೆ ಸಭಾಕೊಠಡಿಗಳ ಕಾಟವಿತ್ತೋ ಇಲ್ಲವೋ, ನಮಗಂತೂ ಇತ್ತು.

ಸಂಗತಿಯೇನೆಂದರೆ, ನಾವೂ ಪುಣೆಯವರೂ ಬಳಸುತ್ತಿದ್ದದ್ದು ಒಂದೇ ಮೇಲ್ ಸೇವೆಯನ್ನು. ಇಂಥ ಸೇವೆಗಳಲ್ಲಿ ಒಂದು ಡೊಮೈನು ಒಂದು ಹೊತ್ತಿಗೆ ಒಂದೇ ಸಂಸ್ಥೆಯ ಖಾತೆಯಲ್ಲಿರಬೇಕು. ಅಣ್ಣತಮ್ಮಂದಿರು ಪಾಲಾದಾಗ ಬಾವಿಯನ್ನಾದರೂ ಜಂಟಿಯಾಗಿ ಬಿಟ್ಟುಕೊಂಡು ಸರದಿಯ ಮೇಲೆ ನೀರು ಸೇದಬಹುದು. ಇಲ್ಲಿ ಆ ಸೌಕರ್ಯವೂ ಇಲ್ಲ. ನಮ್ಮ ಖಾತೆಯಿಂದ ಡೊಮೈನು ಪೂರ್ತಿಯಾಗಿ ಹೊರಬಿದ್ದ ಮೇಲೆಯೇ ಅವರು ಅದನ್ನು ತಮ್ಮ ಖಾತೆಗೆ ಸೇರಿಸಿಕೊಳ್ಳಬಹುದು, ಮತ್ತು ಆ ಡೊಮೈನಿನ ಬಾಲ ಹೊತ್ತ ಒಂದೇ ಒಂದು ವಿಳಾಸ ಎಲ್ಲಾದರೂ ಉಳಿದಿದ್ದರೂ ಅದು ಹೊರಬೀಳುವುದಿಲ್ಲ. ಶನಿವಾರ ರಾತ್ರಿ, ಎಲ್ಲರಿಗೂ ಹೊಸ ಐಡಿ ಕೊಟ್ಟು, ಗ್ರೂಪ್‌ಗಳನ್ನೆಲ್ಲ ಬದಲಾಯಿಸಿ, ‘ತೆಗೆದುಹಾಕು’ ಎಂಬ ಗುಂಡಿ ಒತ್ತಿದರೆ, ಈ ಡೊಮೈನ್ ಇನ್ನೂ ಬಳಕೆಯಲ್ಲಿದೆ ಎಂಬ ಸಂದೇಶ ಬಂತು. ಹುಡುಕಿದಾಗ ಮೊದಲು ಸಿಕ್ಕಿದ್ದು ಆಯುಧಪೂಜೆಯ ಚಂದಾ ಎತ್ತುವವರ ಗ್ರೂಪು. ಆಮೇಲೆ, ನಿವೃತ್ತರಾಗಿ ಊರು ಸೇರಿದ್ದ ಅಕೌಂಟೆಂಟರ ಇನ್ನೊಂದು ಐಡಿ. ಅದಾದ ಮೇಲೆ ಸ್ಟೋರ್ಸ್‌ನ ಸ್ಕ್ಯಾನರ್. ಅದು ತನ್ನದೇ ವಿಳಾಸದಿಂದ ಡೆಲಿವರಿ ಚಲನ್‌ಗಳನ್ನು ಕಳಿಸುತ್ತಿತ್ತೆಂಬುದು ಸ್ಟೋರ್ಸ್‌ನವರಿಗೇ ಗೊತ್ತಿರಲಿಲ್ಲ.

ಇಷ್ಟಾದ ಮೇಲೂ ಡೊಮೈನು ಜಗ್ಗಲಿಲ್ಲ. ನಮ್ಮ ಸಭಾಕೊಠಡಿಗಳಿಗೆ ಕಾವೇರಿ, ತುಂಗಾ, ಹೇಮಾವತಿ ಎಂದು ನದಿಗಳ ಹೆಸರಿಟ್ಟಿದ್ದೆವು, ಮತ್ತು ಬುಕಿಂಗ್ ಮಾಡುವ ಅನುಕೂಲಕ್ಕಾಗಿ ಪ್ರತಿ ಕೊಠಡಿಗೂ ಒಂದೊಂದು ಮೇಲ್ ಐಡಿ ಇತ್ತು. ಕಾವೇರಿ, ತುಂಗಾಗಳ ಐಡಿಗಳನ್ನು ನೆನಪಿನಿಂದ ಬದಲಾಯಿಸಿದ್ದಾಗಿತ್ತು. ಹೇಮಾವತಿಯ ಗೋಡೆಯನ್ನು ಎಂದೋ ಒಡೆದು ಕ್ಯಾಂಟೀನಿಗೆ ಸೇರಿಸಿದ್ದರಿಂದ ಅದನ್ನು ಎಲ್ಲರೂ ಮರೆತಿದ್ದರು. ಈಗ ಇಡ್ಲಿ ಪಾತ್ರೆಗಳು ಕೂತಿರುವ ಜಾಗದಲ್ಲಿ, ಹನ್ನೆರಡು ಜನರಿಗೆ ಆಸನವೂ ಪ್ರೊಜೆಕ್ಟರೂ ಇವೆ ಎಂದು ಘೋಷಿಸುತ್ತ, ಅದು ನಮ್ಮ ಖಾತೆಯಲ್ಲಿ ಭದ್ರವಾಗಿ ಜೀವಿಸಿತ್ತು. ಅಷ್ಟೇ ಅಲ್ಲ, ಪ್ರತಿ ಮಂಗಳವಾರ ಬೆಳಿಗ್ಗೆ ಯಾರೋ ಅದನ್ನು ಕಾಯಂ ಆಗಿ ಬುಕ್ ಮಾಡಿಯೂ ಇದ್ದರು. ಆ ಕೊಠಡಿಯನ್ನು ಎರಡನೆಯ ಸಲ ಕೆಡವಿದ ಮೇಲೆಯೇ ಡೊಮೈನಿಗೆ ಬಿಡುಗಡೆ ಸಿಕ್ಕಿತು.

ಅಲ್ಲಿಂದ ಮುಂದಿನದು ಪುಣೆಯವರ ಪಾಳಿ. ಅವರು ಡೊಮೈನಿನ ದಾಖಲೆಗಳಿಗೆ ಟಿಎಕ್ಸ್‌ಟಿ ರೆಕಾರ್ಡ್ ಎಂಬ ಗುರುತಿನ ಸಾಲನ್ನು ಸೇರಿಸಿ ಡೊಮೈನು ತಮ್ಮದೆಂದು ಸಾಬೀತುಮಾಡುವವರೆಗೆ ಹೊರಗಿನಿಂದ ಬರುವ ಮೇಲ್‌ಗಳ ಗತಿಯೇನು ಎಂಬುದಕ್ಕೆ ಒಂದು ಉಪಾಯವಿದೆ. ಹಳೆಯ ಸರ್ವರ್ ‘ಇಂಥವರು ಇಲ್ಲಿಲ್ಲ’ ಎಂದು ಸತ್ಯ ನುಡಿದರೆ ಮೇಲ್ ಆ ಕ್ಷಣವೇ ಬೌನ್ಸ್ ಆಗಿ ಕಳಿಸಿದವರಿಗೇ ಮರಳುತ್ತದೆ. ಅದರ ಬದಲು, ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡನ್ನು ಉತ್ತರವನ್ನೇ ಕೊಡದ ವಿಳಾಸದತ್ತ ತಿರುಗಿಸಿದರೆ, ಕಳಿಸುವ ಸರ್ವರ್ ತಾಳ್ಮೆಯಿಂದ ಮತ್ತೆ ಮತ್ತೆ ಯತ್ನಿಸುತ್ತದೆ. ಕೈಚೆಲ್ಲುವ ಮುನ್ನ ನಾಲ್ಕೈದು ದಿನವಾದರೂ ಯತ್ನಿಸಬೇಕೆಂಬುದು ಇಂಟರ್ನೆಟ್ ಮಾನದಂಡದ ಸಲಹೆ. ಸಾಲ ವಸೂಲಿಗೆ ಬಂದವರ ಎದುರು ಕೆಲವರು ಅನುಸರಿಸುವ ಈ ನೀತಿಗೆ ತಾಂತ್ರಿಕ ಮಾನ್ಯತೆಯೂ ಇದೆಯೆಂದು ತಿಳಿದು ನಮ್ಮ ಅಕೌಂಟ್ಸ್ ವಿಭಾಗದವರು ಬಹಳ ಹರ್ಷಪಟ್ಟರು.

ಅವರ ಹರ್ಷ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ದಿನದವರೆಗೆ ಮಾತ್ರ ಬಾಳಿತು. ಪೋರ್ಟಲ್‌ನಲ್ಲಿ, ಬ್ಯಾಂಕಿನಲ್ಲಿ, ಭವಿಷ್ಯ ನಿಧಿಯಲ್ಲಿ ಎಲ್ಲೆಲ್ಲೂ ಇದ್ದದ್ದು ಹಳೆಯ ಐಡಿ; ವಿಳಾಸ ಬದಲಾಯಿಸಿಕೊಳ್ಳಿ ಎಂಬ ನನ್ನ ಸುತ್ತೋಲೆ ಇನ್ನೂ ಯಾರದೋ ಮೇಜಿನ ಮೇಲಿತ್ತು. ಹೀಗಾಗಿ ನಮ್ಮ ಓಟಿಪಿಗಳೆಲ್ಲ ಪುಣೆಗೆ ಹೋಗಿ ಇಳಿಯತೊಡಗಿದವು. ಅಲ್ಲಿಯ ಸಜ್ಜನರು ಅವನ್ನು, ‘ಇದನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ’ ಎಂಬ ಸಾಲಿನ ಸಮೇತ ನಮಗೆ ಫಾರ್ವರ್ಡ್ ಮಾಡುತ್ತಿದ್ದರು, ಮತ್ತು ನಮ್ಮ ಕೈಸೇರುವ ಹೊತ್ತಿಗೆ ಪ್ರತಿಯೊಂದರ ಅವಧಿಯೂ ನಿಯಮಬದ್ಧವಾಗಿ ಮುಗಿದಿರುತ್ತಿತ್ತು.

ಕಡೆಗೆ ಪುಣೆಯ ವಕೀಲರು, ಡೊಮೈನಿನ ಹಸ್ತಾಂತರ ಸಂಪೂರ್ಣವಾಗಿದೆಯೆಂದು ಲಿಖಿತವಾಗಿ ದೃಢಪಡಿಸಬೇಕೆಂದು ನಮ್ಮ ಎಂ.ಡಿ.ಯವರಿಗೆ ಮೇಲ್ ಬರೆದರು. ಉತ್ತರ ಬಾರದಿದ್ದುದಕ್ಕೆ ಜ್ಞಾಪನಪತ್ರವನ್ನೂ, ಅದಕ್ಕೂ ಉತ್ತರ ಬಾರದಿದ್ದಾಗ ಎಚ್ಚರಿಕೆಯ ಪತ್ರವನ್ನೂ ಕಳಿಸಿದರು. ಮೂರನ್ನೂ ಅವರು ಕಳಿಸಿದ್ದು ಎಂ.ಡಿ.ಯವರ ಹಳೆಯ ಐಡಿಗೆ, ಅಂದರೆ ತಮ್ಮದೇ ಕಕ್ಷಿದಾರರಿಗೆ.