ನೈಟ್ರಸ್ ಉರಿಯುವ ಗ್ಯಾಸ್ ಅಲ್ಲ
"ಯಾವ ಕಾರಿಗಾದರೂ ನೈಟ್ರಸ್ ಸಿಲಿಂಡರ್ ಜೋಡಿಸಿದರೆ ಸಾಕು, ಆ ಗ್ಯಾಸೇ ಉರಿದು ಪವರ್ ಕೊಡುತ್ತದೆ" ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ನೈಟ್ರಸ್ ಆಕ್ಸೈಡ್ ಇಂಧನವೇ ಅಲ್ಲ. ಎಂಜಿನ್ ಒಳಗಿನ ಶಾಖಕ್ಕೆ ಒಡೆದು ಆಕ್ಸಿಜನ್ ಬಿಡುತ್ತದೆ, ಅಷ್ಟೇ. ಆ ಆಕ್ಸಿಜನ್‌ನಿಂದ ಹೆಚ್ಚು ಪೆಟ್ರೋಲ್ ಉರಿದಾಗಲೇ ಪವರ್ ಬರುವುದು. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಕ್ಸಿಜನ್ ಸುಮಾರು ಶೇ 23, ಇದರಲ್ಲಿ ಶೇ 36. ಅದಕ್ಕೆ ತಕ್ಕಂತೆ ಪೆಟ್ರೋಲೂ ಜಾಸ್ತಿ ಹೋಗಬೇಕು, ಅಲ್ವಾ? ಹೋಗದಿದ್ದರೆ ಎಂಜಿನ್ ನಾಕ್ ಹೊಡೆಯುತ್ತದೆ (ಒಳಗಿನ ಇಂಧನ ಹದ ತಪ್ಪಿ ತಾನಾಗಿ ಸಿಡಿದು ಬಡಿದಂತೆ ಸದ್ದು ಬರುತ್ತದೆ), ಪಿಸ್ಟನ್ ಕರಗಿ ತೂತು ಬೀಳಬಹುದು.

ಉರಿ ವೇಗವಾಗುವುದರಿಂದ ಸ್ಪಾರ್ಕ್ ಟೈಮಿಂಗ್ (ಪ್ಲಗ್ ಕಿಡಿ ಹೊಡೆಯುವ ಸಮಯ) ಸ್ವಲ್ಪ ತಡ ಮಾಡಬೇಕು. ಬಿಸಿಯನ್ನು ಬೇಗ ದಾಟಿಸುವ 'ಕೋಲ್ಡ್' ಪ್ಲಗ್ ಹಾಕಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಗ್ಯಾಸ್ ಬಿಡುವ ಸ್ವಿಚ್ ಬೇಕು. ಪೆಟ್ರೋಲ್ ಪ್ರೆಶರ್ ಇಳಿದರೆ ಗ್ಯಾಸ್ ತಾನಾಗಿ ನಿಲ್ಲಬೇಕು. ಗ್ಯಾಸ್ ಸಿಲಿಂಡರ್‌ಗೆ ಬೆಂಕಿ ತಾಗಿಸಿ ಅದರೊಳಗಿನ ಪ್ರೆಶರ್ ಏರಿಸುವುದಂತೂ ಶುದ್ಧ ಹುಚ್ಚಾಟ.