ಗ್ರ್ಯಾಂಡ್ ರ‍್ಯಾಪಿಡ್ಸ್‌ನ ನರಕ, ಉಡುಪಿಯ ಅಂಧಂತಮಸ್ಸು

ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಸುತ್ತಮುತ್ತ ಡಚ್ ವಲಸಿಗರು ಕಟ್ಟಿದ ರಿಫಾರ್ಮ್ಡ್ ಚರ್ಚುಗಳು, ಅಂದರೆ ಹದಿನಾರನೇ ಶತಮಾನದ ಸುಧಾರಕ ಕ್ಯಾಲ್ವಿನನ ದಾರಿಯ ಪ್ರಾಟೆಸ್ಟೆಂಟ್ ಚರ್ಚುಗಳು, ಹೆಜ್ಜೆಗೊಂದು. ನಮ್ಮ ಈ ಊರಿನಲ್ಲಿ ನರಕದ ಚರ್ಚೆ ಪಂಡಿತರಿಗಷ್ಟೇ ಬಿಟ್ಟ ವಿಷಯವಲ್ಲ. ಪಕ್ಕದ ಗ್ರ್ಯಾಂಡ್‌ವಿಲ್‌ನ ಪಾಸ್ಟರ್ ರಾಬ್ ಬೆಲ್ 2011ರಲ್ಲಿ ಶಾಶ್ವತ ನರಕವನ್ನು ಪ್ರಶ್ನಿಸಿ ಪುಸ್ತಕ ಬರೆದಾಗ ಗಲಾಟೆ ಎಷ್ಟು ದೊಡ್ಡದಾಯಿತೆಂದರೆ, ‘ಟೈಮ್’ ಪತ್ರಿಕೆ ನರಕವೇ ಇಲ್ಲದಿದ್ದರೆ ಎಂದು ಮುಖಪುಟದಲ್ಲೇ ಕೇಳಿತು.

ಇದನ್ನು ಕೇಳಿದ ನಮ್ಮವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ನಮ್ಮಲ್ಲಿ ಹಾಗಿಲ್ಲ, ನರಕಕ್ಕೂ ಒಂದು ಅವಧಿ ಇದೆ.’ ಬಹುಮಟ್ಟಿಗೆ ನಿಜ. ಭಾಗವತದ ಐದನೇ ಸ್ಕಂಧ ಎಣಿಸುವ 28 ನರಕಗಳಲ್ಲಿ ಪಾಪ ತೀರಿದ ಮೇಲೆ ಜೀವ ಹೊರಬರುತ್ತದೆ. ಜೈನರ ಏಳನೇ ನರಕದಲ್ಲೂ ಆಯುಷ್ಯದ ಮೇಲ್ಮಿತಿ 33 ಸಾಗರೋಪಮ. ಊಹೆಗೆ ನಿಲುಕದ ಕಾಲ, ಆದರೂ ಮುಗಿಯುವ ಕಾಲ. ಆದರೆ ಹೀಗೆ ಹೇಳುವವರು ಮಧ್ವಾಚಾರ್ಯರನ್ನು ಮರೆತಿರುತ್ತಾರೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಕ್ರೈಸ್ತರ ತೊಡಕು ಮೂರು ಮಾತುಗಳಲ್ಲಿದೆ. ದೇವರು ಎಲ್ಲರನ್ನೂ ಪ್ರೀತಿಸುತ್ತಾನೆ, ಎಲ್ಲರೂ ರಕ್ಷಣೆ ಹೊಂದಬೇಕೆಂದು ಬಯಸುತ್ತಾನೆ (1 ತಿಮೊಥೆಯ 2:4). ಅವನು ಬಯಸಿದ್ದು ನಡೆಯದೆ ಇರದು. ಕೆಲವರು ನಿತ್ಯದಂಡನೆಗೆ ಹೋಗುತ್ತಾರೆ (ಮತ್ತಾಯ 25:46). ಯಾವ ಎರಡನ್ನು ಹಿಡಿದರೂ ಮೂರನೆಯದು ಕೈತಪ್ಪುತ್ತದೆ. ಈ ಊರಿನ ಹಳೆಯ ಡಚ್ ಚರ್ಚುಗಳು ಒಪ್ಪಿರುವ, ಹಾಲೆಂಡಿನಲ್ಲಿ ಸೇರಿದ ಧರ್ಮಸಭೆಯಾದ ಡಾರ್ಟ್ ಸಿನಡ್‌ನ (1618–19) ನಿರ್ಣಯಗಳು ಮೊದಲನೆಯದನ್ನೇ ಮೊಟಕುಗೊಳಿಸುತ್ತವೆ: ಉಳಿಸುವ ಕೃಪೆ ಆರಿಸಲ್ಪಟ್ಟವರಿಗೆ ಮಾತ್ರ. ಡಚ್ ಪಂಡಿತ ಅರ್ಮೀನಿಯಸನನ್ನು ಅನುಸರಿಸುವ ಅರ್ಮೀನಿಯನ್ ಪಂಥದವರು ಎರಡನೆಯದನ್ನು ಸಡಿಲಿಸುತ್ತಾರೆ: ಮನುಷ್ಯ ಬೇಡವೆಂದರೆ ದೇವರು ಬಲವಂತ ಮಾಡುವುದಿಲ್ಲ. ಮೂರನೆಯದನ್ನು ಕೈಬಿಟ್ಟವರೂ ಇದ್ದಾರೆ. ನಾಲ್ಕನೇ ಶತಮಾನದ ಬಿಷಪ್ ನೀಸಾದ ಗ್ರೆಗರಿಗೆ ನರಕದ ಬೆಂಕಿ ಕಿಟ್ಟ ಸುಡುವ ಬೆಂಕಿ, ಕೊನೆಗೆ ಎಲ್ಲರೂ ಶುದ್ಧರಾಗಿ ಬರುತ್ತಾರೆ. ಅವನನ್ನು ಚರ್ಚು ಇಂದಿಗೂ ಸಂತನೆಂದೇ ಗೌರವಿಸುತ್ತದೆ.

ಶಾಶ್ವತ ಶಿಕ್ಷೆಯನ್ನು ಸಮರ್ಥಿಸುವ ವಾದಗಳಲ್ಲಿ ಅತಿ ದುರ್ಬಲವೆಂದು ನನಗನಿಸುವುದು ಹನ್ನೊಂದನೇ ಶತಮಾನದ ಕ್ರೈಸ್ತ ಚಿಂತಕ ಆನ್ಸೆಲ್ಮ್‌ನ ಚಿಂತನೆಯಿಂದ ಬೆಳೆದದ್ದು: ಅಪರಾಧದ ತೂಕ ಅದು ಯಾರ ವಿರುದ್ಧ ನಡೆಯಿತು ಎಂಬುದರ ಮೇಲಿದೆ, ದೇವರು ಅನಂತ, ಆದ್ದರಿಂದ ಶಿಕ್ಷೆಯೂ ಅನಂತ. ಇಂಥ ಕಾನೂನು ನಮಗೆ ಹೊಸದೇನಲ್ಲ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ ಬ್ರಾಹ್ಮಣನು ಕ್ಷತ್ರಿಯನನ್ನು ಬೈದರೆ 50 ಪಣ ದಂಡ, ವೈಶ್ಯನನ್ನು ಬೈದರೆ 25, ಶೂದ್ರನನ್ನು ಬೈದರೆ 12. ಬೈಗುಳ ಅದೇ, ಬೈಸಿಕೊಂಡವನ ಅಂತಸ್ತು ಬೇರೆ. ಅಲ್ಲಿ ಇದನ್ನು ಅನ್ಯಾಯ ಎನ್ನುವವರು ಇಲ್ಲಿ ನ್ಯಾಯ ಎನ್ನುವುದು ಹೇಗೆ?

ಸ್ವತಂತ್ರ ಇಚ್ಛೆಯ ವಾದ ಇದಕ್ಕಿಂತ ಗಟ್ಟಿ. ನರಕದ ಬಾಗಿಲಿಗೆ ಒಳಗಿನಿಂದಲೇ ಚಿಲಕ ಎಂದು ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ 1940ರಲ್ಲಿ ಬರೆದದ್ದು ಇಲ್ಲಿನ ಚರ್ಚುಗಳ ಪ್ರವಚನಗಳಲ್ಲಿ ಈಗಲೂ ಕೇಳಿಬರುತ್ತದೆ. ಒಪ್ಪೋಣ. ಆದರೆ ಒಳಗಿನಿಂದ ಹಾಕಿದ ಚಿಲಕವನ್ನು ಒಳಗಿದ್ದವನೇ ತೆಗೆಯಬಹುದಲ್ಲ? ಸತ್ತ ಮರುಕ್ಷಣದಿಂದ ಅದು ಯಾಕೆ ತೆರೆಯದು? ಇದಕ್ಕೆ ಹದಿಮೂರನೇ ಶತಮಾನದ ಕ್ಯಾಥೊಲಿಕ್ ಪಂಡಿತ ಥಾಮಸ್ ಅಕ್ವಿನಾಸ್ ಕೊಟ್ಟ ಉತ್ತರ: ದೇಹ ಬಿಟ್ಟ ಆತ್ಮದ ಇಚ್ಛೆ ಬದಲಾಗದು, ಸಾಯುವಾಗ ಎತ್ತ ವಾಲಿತ್ತೋ ಅತ್ತಲೇ ನಿಲ್ಲುತ್ತದೆ. ಸರಿ, ಪುನರುತ್ಥಾನದಲ್ಲಿ ದೇಹ ಮರಳಿ ಬರುತ್ತದಲ್ಲ, ಆಗ? ಆಗ ದೇಹವೇ ಆತ್ಮಕ್ಕೆ ಹೊಂದಿಕೊಳ್ಳುತ್ತದೆ ಎನ್ನುತ್ತಾನೆ. ತೇಪೆ ಹಾಕಿದ ಹಾಗೆ ಕಾಣುತ್ತದೆ. ನರಕವಿದೆ ಎನ್ನುವುದಕ್ಕೂ ಸಾವೇ ಕೊನೆಯ ಗಡುವು ಎನ್ನುವುದಕ್ಕೂ ಬೇರೆ ಬೇರೆ ಸಮರ್ಥನೆ ಬೇಕು. ವಾದಿಸುವವರು ಎರಡನ್ನೂ ಒಟ್ಟಿಗೆ ಕಟ್ಟಿ ಮೊದಲನೆಯದಕ್ಕಷ್ಟೇ ಕಾರಣ ಕೊಟ್ಟು ಸುಮ್ಮನಾಗುತ್ತಾರೆ.

ನಡುವಿನ ದಾರಿಯೊಂದಿದೆ: ದುಷ್ಟರು ನರಳುತ್ತಾ ಇರುವುದಿಲ್ಲ, ಇಲ್ಲವಾಗುತ್ತಾರೆ. ಸೆವೆಂತ್ ಡೇ ಅಡ್ವೆಂಟಿಸ್ಟರ ಬೋಧನೆ ಇದೇ. ಇಂಗ್ಲೆಂಡಿನ ಇವಾಂಜೆಲಿಕಲ್ ಪಂಗಡದ ನಾಯಕ ಜಾನ್ ಸ್ಟಾಟ್ 1988ರಲ್ಲಿ ಇದರತ್ತ ವಾಲಿದಾಗ ಸ್ವಪಕ್ಷದವರೇ ಸಿಡಿಮಿಡಿಗೊಂಡರು. ಕ್ರೌರ್ಯ ತಗ್ಗುತ್ತದೆ ನಿಜ. ಆದರೂ ಪ್ರೀತಿಸಿದವನನ್ನು ಕಳೆದುಕೊಂಡ ದೇವರೇ ಇಲ್ಲಿಯೂ ಉಳಿಯುವುದು.

ಈಗ ಉಡುಪಿಗೆ. ಮಧ್ವರ ತತ್ತ್ವವಾದದಲ್ಲಿ ಜೀವರು ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಮೂರನೆಯವರಿಗೆ ಅಂಧಂತಮಸ್ಸು ಎಂಬ ಕಡುಗತ್ತಲೆಯ ನರಕ, ಅಲ್ಲಿಂದ ಮರಳುವ ಮಾತಿಲ್ಲ. ಇದನ್ನು ಕಂಡು ಶತಮಾನದ ಹಿಂದೆ ಕೆಲವು ಪಾಶ್ಚಾತ್ಯ ವಿದ್ವಾಂಸರು ಕ್ರೈಸ್ತ ಪ್ರಭಾವವೆಂದು ಊಹಿಸಿದರು. ಹೊರನೋಟದ ಹೋಲಿಕೆ ಹಾಗಿದೆ. ಒಳಗಿನ ಕಟ್ಟಡವೇ ಬೇರೆ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಮೊದಲ ಪಾದದಲ್ಲಿ ಇದೇ ಪ್ರಶ್ನೆ ನಮ್ಮ ಮಾತಿನಲ್ಲಿ ಬರುತ್ತದೆ: ದೇವರಿಗೆ ವೈಷಮ್ಯ, ನೈರ್ಘೃಣ್ಯದ ದೋಷ, ಅಂದರೆ ಪಕ್ಷಪಾತ ಮತ್ತು ನಿರ್ದಯೆಯ ಆರೋಪ, ತಗಲುವುದಿಲ್ಲವೇ? ಅವನು ಜೀವರ ಕರ್ಮವನ್ನು ನೋಡಿಯೇ ಫಲ ಕೊಡುವುದರಿಂದ ತಗಲದು ಎಂಬುದು ಉತ್ತರ. ಮಧ್ವರು ಇನ್ನೂ ಆಳಕ್ಕಿಳಿದು ಕರ್ಮದ ಹಿಂದೆ ಜೀವದ ಅನಾದಿ ಸ್ವಭಾವವನ್ನು ಇಡುತ್ತಾರೆ. ಜೀವ ಅನಾದಿ, ಅದರ ಯೋಗ್ಯತೆಯೂ ಅನಾದಿ. ತಮೋಯೋಗ್ಯನನ್ನು ವಿಷ್ಣು ಹಾಗೆ ಮಾಡಿದ್ದಲ್ಲ.

ಕ್ರೈಸ್ತರಿಗೆ ಈ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಅವರ ದೇವರು ಶೂನ್ಯದಿಂದ ಸೃಷ್ಟಿಸಿದವನು. ಆತ್ಮ, ಅದರ ಸ್ವಭಾವ, ಅದು ಎಡವುವ ಸಂದರ್ಭ, ಎಲ್ಲವೂ ಅವನಿಂದಲೇ ಇರವು ಪಡೆದದ್ದು. ಒಬ್ಬ ವ್ಯಕ್ತಿ ಎಂದೆಂದಿಗೂ ನರಳುತ್ತಾನೆಂದು ಮೊದಲೇ ತಿಳಿದಿದ್ದೂ ಅವನನ್ನು ಹುಟ್ಟಿಸಬೇಕೆಂಬ ಒತ್ತಾಯ ದೇವರಿಗಿರಲಿಲ್ಲ. ಹಾಗಾಗಿ ನಿತ್ಯನರಕದ ಭಾರ ಮಧ್ವರ ದೇವರಿಗಿಂತ ಕ್ಯಾಲ್ವಿನನ ದೇವರ ಮೇಲೆ ಹೆಚ್ಚು. ಉಡುಪಿಯ ಸಿದ್ಧಾಂತ ನಮಗೆ ಹಿಡಿಸದಿರಬಹುದು (ಯಾರು ಯಾವ ಬಗೆಯ ಜೀವರೆಂದು ಮನುಷ್ಯರು ನಿರ್ಧರಿಸಲು ಹೊರಟಾಗ ಆಗುವ ಅನಾಹುತ ಬೇರೆಯೇ), ಆದರೆ ತರ್ಕದಲ್ಲಿ ಅದು ಬಿರುಕು ಬಿಡುವುದಿಲ್ಲ. ಪ್ರೀತಿಸುವ ಸೃಷ್ಟಿಕರ್ತನ ಜೊತೆ ಹೊಂದುವುದು ಸತ್ತ ಮೇಲೂ ಹೊರಬರಲು ಸಾಧ್ಯವಿರುವ ನರಕ ಮಾತ್ರ ಎಂದು ನನ್ನ ಎಣಿಕೆ.

ಹೀಗೆ ಎಣಿಸಿದವರು ಚರ್ಚಿನೊಳಗೂ ಇದ್ದರು, ಬಾಯಿ ಬಿಡುತ್ತಿರಲಿಲ್ಲ ಅಷ್ಟೆ. ಜರ್ಮನಿಯ ವುರ್ಟೆಂಬರ್ಗ್‌ನ ಪಯಟಿಸ್ಟರಲ್ಲಿ, ಅಂದರೆ ಭಕ್ತಿಗೆ ಒತ್ತು ಕೊಡುವ ಪ್ರಾಟೆಸ್ಟೆಂಟರಲ್ಲಿ, ಒಂದು ಮಾತಿತ್ತು: ಕೊನೆಗೆ ಎಲ್ಲರೂ ದೇವರನ್ನು ಮರಳಿ ಸೇರುತ್ತಾರೆಂದು ನಂಬದವನು ಎತ್ತು, ಅದನ್ನು ಬೋಧಿಸುವವನು ಕತ್ತೆ. ‘ಮಂಗಳೂರ ಸಮಾಚಾರ’ದ ಹೆರ್ಮನ್ ಮೋಗ್ಲಿಂಗ್ ಬಂದದ್ದೂ ಆ ನಾಡಿನಿಂದಲೇ.

ಕ್ಯಾಥೊಲಿಕರ ನಡೆ ಇನ್ನೊಂದು ಬಗೆ. ನವೆಂಬರ್ 2ರಂದು ಮಂಗಳೂರಿನ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ. ಗ್ರ್ಯಾಂಡ್ ರ‍್ಯಾಪಿಡ್ಸ್‌ನ ರಿಫಾರ್ಮ್ಡ್ ಚರ್ಚಿನಲ್ಲಿ ಆ ಪದ್ಧತಿಯೇ ಇಲ್ಲ. ಕ್ಯಾಥೊಲಿಕ್ ಸಿದ್ಧಾಂತದ ಪ್ರಕಾರ ಆ ಪ್ರಾರ್ಥನೆ ಮುಟ್ಟುವುದು ಸ್ವರ್ಗ ಸೇರುವ ಮುನ್ನ ಶುದ್ಧೀಕರಣದಲ್ಲಿರುವ ಆತ್ಮಗಳಿಗೆ ಮಾತ್ರ, ನರಕದಲ್ಲಿರುವವರಿಗಲ್ಲ. ಆದರೆ ಯಾರು ಎಲ್ಲಿದ್ದಾರೆಂದು ಗೊತ್ತಿಲ್ಲದ ಕಾರಣ ಯಾರ ಹೆಸರನ್ನೂ ಬಿಡುವಂತಿಲ್ಲ. ಸಾವಿರಾರು ಮಂದಿಯನ್ನು ಹೆಸರು ಹಿಡಿದು ಸಂತರೆಂದು ಸಾರಿರುವ ರೋಮ್, ಇಂಥವನು ನರಕದಲ್ಲಿದ್ದಾನೆಂದು ಈವರೆಗೆ ಒಬ್ಬನ ಬಗ್ಗೆಯೂ ಅಧಿಕೃತವಾಗಿ ಘೋಷಿಸಿಲ್ಲ, ಇಸ್ಕರಿಯೋತ ಯೂದನ ಬಗ್ಗೆಯೂ.