ಸ್ಥಾವರಕ್ಕೆ ಫಲಕ, ಜಂಗಮಕ್ಕೆ ನೋಟಿಸು

ಪರಂಪರೆಯನ್ನು ಗುರುತಿಸುವುದು ಹೇಗೆ ಎಂದು ಪಂಡಿತರು ತಲೆ ಕೆಡಿಸಿಕೊಂಡಿರುವಾಗ, ಕ್ಯಾಲಿಫೋರ್ನಿಯ ರಾಜ್ಯವು ಅದಕ್ಕೆ ಬಹಳ ಸುಲಭವಾದ ಉಪಾಯವೊಂದನ್ನು ಕಂಡುಕೊಂಡಂತಿದೆ. ಬಗ್ಗಿ ನೋಡಬೇಕು, ಮನೆಯ ಕೆಳಗೆ ಚಕ್ರ ಕಂಡರೆ ಅದು ಪರಂಪರೆಯಲ್ಲ.

ಲಾಸ್ ಏಂಜಲೀಸಿನ ದಕ್ಷಿಣಕ್ಕೆ, ನ್ಯೂಪೋರ್ಟ್ ಬೀಚ್ ಮತ್ತು ಲಗೂನಾ ಬೀಚ್ ಎಂಬ ಎರಡು ಸಿರಿವಂತ ಊರುಗಳ ನಡುವೆ, ಕ್ರಿಸ್ಟಲ್ ಕೋವ್ ಎಂಬ ಕಡಲತೀರವಿದೆ. ಆ ನೆಲವೆಲ್ಲ ಅರ್ವೈನ್ ಕಂಪನಿಯ ಒಡೆತನದಲ್ಲಿದ್ದ 1920 ಮತ್ತು 30ರ ದಶಕಗಳಲ್ಲಿ, ರಜೆ ಕಳೆಯಲು ಬಂದವರು ಮೊದಲು ಡೇರೆ ಹಾಕಿದರು, ಆಮೇಲೆ ಕೈಗೆ ಸಿಕ್ಕಿದ ಹಲಗೆಗಳನ್ನೂ ಅಲೆಗಳು ದಡಕ್ಕೆ ತಂದೆಸೆದ ಮರವನ್ನೂ ಸೇರಿಸಿ ಪುಟ್ಟ ಕಾಟೇಜುಗಳನ್ನು ಎಬ್ಬಿಸಿದರು. ಮೂಕಿಚಿತ್ರದವರು ಬಂದು, ಇದು ದಕ್ಷಿಣ ಸಾಗರದ ಯಾವುದೋ ದ್ವೀಪವೆಂದು ಪ್ರೇಕ್ಷಕರನ್ನು ನಂಬಿಸುವುದಕ್ಕಾಗಿ ತಾಳೆಯ ಗರಿಗಳನ್ನು ಹೊದಿಸಿ ಹೋದರು. ಇದೇ ತೀರದ ದಕ್ಷಿಣದ ತುದಿಗೆ, ಇದೇ ಒಡೆಯನ ನೆಲದಲ್ಲಿ, ಇದೇ ರೀತಿ ಬಾಡಿಗೆ ಕೊಟ್ಟುಕೊಂಡು, ಎಲ್ ಮೊರೊ ಎಂಬ ಟ್ರೇಲರ್ ಪಾರ್ಕೂ ಬೆಳೆಯಿತು. ಅಲ್ಲಿ ಮುನ್ನೂರರ ಹತ್ತಿರ ಗಾಲಿಮನೆಗಳಿದ್ದವು.

1979ರಲ್ಲಿ ರಾಜ್ಯವು ಈ ತೀರವನ್ನು ಸಾರ್ವಜನಿಕರ ಉದ್ಯಾನವನಕ್ಕೆಂದು ಕೊಂಡುಕೊಂಡಿತು. ಅದೇ ವರ್ಷ, 46 ಕಾಟೇಜುಗಳಿಗೆ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿ ಜಾಗ ದೊರೆಯಿತು. ವಾಸ್ತುಶಿಲ್ಪಿಯ ನೆರಳು ಕೂಡ ಸೋಕದ ಆ ಗೋಡೆಗಳೇ ದಕ್ಷಿಣ ಕ್ಯಾಲಿಫೋರ್ನಿಯದ ಕಡಲತೀರದ ಜನಪದ ವಾಸ್ತುಶೈಲಿಗೆ ಉಳಿದಿರುವ ಅಪರೂಪದ ಸಾಕ್ಷಿಯೆಂದು ತೀರ್ಮಾನವಾಯಿತು. ಟ್ರೇಲರುಗಳಿಗೂ ಏನೋ ಒಂದು ದೊರೆಯಿತು: ಖಾಲಿ ಮಾಡಲು 20 ವರ್ಷಗಳ ಗಡುವು.

ಎಲ್ ಮೊರೊದಲ್ಲಿ ಗಾಲಿಗಳಿದ್ದವು ಎಂಬುದು ಕೂಡ ಹೇಳಿಕೆಯ ಮಾತೇ. ಟೈರಿನ ಗಾಳಿ ಇಳಿದುಹೋಗಿ, ಮುಂದೆ ಮರದ ಜಗಲಿ ಬೆಳೆದು, ಜಗಲಿಯ ಮೇಲೆ ಹೂಕುಂಡಗಳು ಸಾಲಾಗಿ ಕುಳಿತ ಮೇಲೆ ಆ ಟ್ರೇಲರು ಎಲ್ಲಿಗೆ ಹೋದೀತು? ಆದರೆ ಸರ್ಕಾರಿ ದೃಷ್ಟಿಯಲ್ಲಿ ಜಂಗಮವೆಂದರೆ ಜಂಗಮವೇ, ಅದು ಐವತ್ತು ವರ್ಷ ಕದಲದೆ ಕುಳಿತಿದ್ದರೂ ಸರಿ. ರಾಷ್ಟ್ರೀಯ ಪಟ್ಟಿಗೆ ಸೇರಲು ಸಾಮಾನ್ಯವಾಗಿ ಐವತ್ತು ವರ್ಷ ತುಂಬಿರಬೇಕೆಂಬ ರೂಢಿಯಿದೆ. ಎಲ್ ಮೊರೊದ ಹಳೆಯ ಟ್ರೇಲರುಗಳು ಆ ವಯಸ್ಸನ್ನು ಸಮೀಪಿಸುವ ಹೊತ್ತಿಗೆ ಸರಿಯಾಗಿ, ಅಂದರೆ ವಿಸ್ತರಿಸಿದ ಗಡುವು ಮುಗಿದ 2004ರ ಕೊನೆಗೆ, ಅವು ಅಲ್ಲಿರುವ ಹಕ್ಕೂ ಮುಗಿಯಿತು.

ನ್ಯಾಯವಾಗಿ ಹೇಳಬೇಕೆಂದರೆ, ಅಲ್ಲಿದ್ದವರೆಲ್ಲ ಬಡವರಾಗಿರಲಿಲ್ಲ. ವಾರಾಂತ್ಯಕ್ಕೆ ಬಂದು ಹೋಗುವ ಉಳ್ಳವರೂ ಸಾಕಷ್ಟಿದ್ದರು. ಜನರ ಹಣದಿಂದ ಕೊಂಡ ತೀರವನ್ನು ಕೆಲವೇ ಮಂದಿ ಇಪ್ಪತ್ತೈದು ವರ್ಷ ತಮ್ಮ ಅಂಗಳ ಮಾಡಿಕೊಂಡದ್ದನ್ನು ಪರಂಪರೆಯ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ಆದರೆ ಈ ದೋಷವು ಕಾಟೇಜಿನವರಿಗೂ ಅಷ್ಟೇ ಅನ್ವಯಿಸುತ್ತಿತ್ತು. ಅವರನ್ನೂ 2001ರಲ್ಲಿ ಹೊರಗೆ ಕಳುಹಿಸಲಾಯಿತು, ನಿಜ. ವ್ಯತ್ಯಾಸವಿಷ್ಟೇ, ಅಲ್ಲಿ ಮನುಷ್ಯರು ಹೋದರು, ಮನೆಗಳು ಉಳಿದವು. ಪಟ್ಟಿಗೆ ಸೇರಿದ ಆ ಮನೆಗಳನ್ನೇ ಐಷಾರಾಮಿ ರೆಸಾರ್ಟ್ ಮಾಡುವ ಒಪ್ಪಂದಕ್ಕೂ ರಾಜ್ಯವು ಸಹಿ ಹಾಕಿತ್ತು. ಜನ ತಿರುಗಿಬಿದ್ದ ಮೇಲೆ ದುಡ್ಡು ತೆತ್ತು ಅದರಿಂದ ಬಿಡಿಸಿಕೊಳ್ಳಬೇಕಾಯಿತು.

ಈಗ ಆ ಕಾಟೇಜುಗಳ ವೈಭವವನ್ನು ನೋಡಬೇಕು. ಅಂದು ಮರ ಸಾಲದೆ ಓರೆಯಾಗಿ ಹೊಡೆದ ಹಲಗೆಯನ್ನು ಇಂದು ನುರಿತ ಬಡಗಿಗಳು ಅಳತೆ ಹಿಡಿದು ಅಷ್ಟೇ ಓರೆಯಾಗಿ ಕೂರಿಸುತ್ತಾರೆ. ಹಾಲಿವುಡ್ಡಿನ ಚಿತ್ರವೊಂದು ಚಿತ್ರೀಕರಣಗೊಂಡಿದ್ದ 13ನೇ ಸಂಖ್ಯೆಯ ಕಾಟೇಜಿಗೆ ವಿಶೇಷ ಮರ್ಯಾದೆಯಿದೆ. 2006ರಿಂದ ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಈ ಮನೆಗಳನ್ನು ತಿಂಗಳುಗಳ ಮೊದಲೇ ಕಾದಿರಿಸದಿದ್ದರೆ ಬಾಗಿಲು ತೆರೆಯದು; ಕೆಲವದರಲ್ಲಿ ಸ್ನಾನದ ಮನೆಯನ್ನು ಅಪರಿಚಿತರೊಡನೆ ಹಂಚಿಕೊಳ್ಳಬೇಕು, ಅದೂ ಪರಂಪರೆಯ ಭಾಗವೇ ಇರಬೇಕು.

ಇನ್ನು ಎಲ್ ಮೊರೊ. 2006ರಲ್ಲಿ ಕೊನೆಯ ನಿವಾಸಿಗಳೂ ಹೊರಟ ಮೇಲೆ ಟ್ರೇಲರುಗಳನ್ನೆಲ್ಲ ತೆಗೆದು ನೆಲವನ್ನು ಸಮತಟ್ಟು ಮಾಡಿ, ಗಿಡ ನೆಟ್ಟು, ಹಲವು ವರ್ಷಗಳ ಪರಿಶ್ರಮದ ನಂತರ 2011ರಲ್ಲಿ ರಾಜ್ಯವು ಅದನ್ನು ಸಾರ್ವಜನಿಕರಿಗೆ ಒಪ್ಪಿಸಿತು. ಅಲ್ಲಿ ಈಗ ಇರುವುದು ಮೊರೊ ಕ್ಯಾಂಪ್‌ಗ್ರೌಂಡ್, ಅಂದರೆ ಡೇರೆಗಳನ್ನೂ ಟ್ರೇಲರುಗಳನ್ನೂ ನಿಲ್ಲಿಸುವ ಜಾಗ. ಎಲ್ ಮೊರೊದಿಂದ ಎದ್ದು ಹೋದ ಮಾಲೀಕನೊಬ್ಬನು ಇಂದು ಅಲ್ಲಿಗೆ ಮರಳಿ ಬರಬೇಕೆಂದರೆ ಯಾವ ಅಡ್ಡಿಯೂ ಇಲ್ಲ. ಬೇರೊಂದು ಟ್ರೇಲರನ್ನು ಎಳೆದುಕೊಂಡು ಬಂದು, ದಿನಬಾಡಿಗೆ ಕಟ್ಟಿ, ತನ್ನ ಹಳೆಯ ಜಗಲಿಯಿದ್ದ ಜಾಗದ ಆಸುಪಾಸಿನಲ್ಲೇ ನಿಲ್ಲಿಸಿಕೊಳ್ಳಬಹುದು. ಟೈರಿನ ಗಾಳಿ ಇಳಿಯುವ ಮೊದಲು ಹೊರಟರಾಯಿತು.